ಅಡಿಕೆ ಮಂಡಿ ಬಿಲ್ಲಿಂಗ್ ಸೆಟಪ್ ಒಳಗೆ ಬೇರೆಯವರ ಲೈಬ್ರರಿಗಳು: ಲೈಸೆನ್ಸ್ ಪಟ್ಟಿ ಕೇಳಿದ್ದಾರೆ, ಏನು ಕೊಡಲಿ?

ತೂಕದ ಚೀಟಿ · ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಒಬ್ಬಳೇ ಮನೆಯಲ್ಲಿ ಕೂತು ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡುತ್ತೇನೆ. ರೈತರ ಖಾತೆ, ತೂಕ, ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲಕ್ಕೂ ಬೇರೆ ಬೇರೆ ರೇಟು, ಹಮಾಲಿ, ಮುಂಗಡ ಕಳೆಯುವುದು, ಕೊನೆಗೆ ಕನ್ನಡದಲ್ಲಿ ಬಿಲ್ ಪ್ರಿಂಟ್. ಈಗ 11 ಮಂಡಿಯಲ್ಲಿ ಓಡುತ್ತಿದೆ.

ಹೊಸನಗರ, ಸಾಗರದ ಒಳಗಿನ ಕಡೆ ನೆಟ್ ನಂಬುವ ಹಾಗಿಲ್ಲ. ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ, ಇನ್ನು ಡೌನ್‌ಲೋಡ್ ಎಲ್ಲಿಂದ? ಹಾಗಾಗಿ ಬೇಕಾದ್ದೆಲ್ಲ ಒಂದೇ ಸೆಟಪ್ ಫೈಲ್‌ಗೆ ತುಂಬಿ, ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಬಸ್ ಹತ್ತುತ್ತೇನೆ. ಪೈಥಾನ್ ಪ್ರೋಗ್ರಾಂ. ಪೈಇನ್‌ಸ್ಟಾಲರ್‌ನಲ್ಲಿ ಒಂದೇ ಎಕ್ಸ್‌ಇ ಮಾಡಿ ಇನ್ನೋ ಸೆಟಪ್‌ನಲ್ಲಿ ಕಟ್ಟುತ್ತೇನೆ.

ಹೋದ ವಾರ ಒಂದು ಸಹಕಾರ ಸಂಘದವರು ಕರೆದರು. ಪ್ರೋಗ್ರಾಂ ಇಷ್ಟ ಆಯಿತು, ರೇಟೂ ಒಪ್ಪಿಗೆ ಆಯಿತು. ಕೊನೆಗೆ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಕೇಳಿದ: "ಮೇಡಂ, ಇದರೊಳಗೆ ಯಾವ ಯಾವ ಲೈಬ್ರರಿ ಇದೆ, ಯಾವುದಕ್ಕೆ ಏನು ಲೈಸೆನ್ಸ್, ಒಂದು ಪಟ್ಟಿ ಕೊಡಿ." ಲೈಬ್ರರಿ ಅಂದ್ರೆ ಬೇರೆಯವರು ಬರೆದಿಟ್ಟ, ನಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್. ಕೊಡುತ್ತೇನೆ ಅಂತ ಹೇಳಿ ಬಂದೆ. ಮನೆಗೆ ಬಂದು ಒಂದೇ ಎಕ್ಸ್‌ಇ ಬದಲು ಫೋಲ್ಡರ್ ಆಗಿ ಬಿಲ್ಡ್ ಮಾಡಿ ತೆಗೆದು ನೋಡಿದೆ. ನಾನು ಬರೆದ ಕೋಡ್ ಎಲ್ಲೋ ಮೂಲೆಯಲ್ಲಿ. ಉಳಿದದ್ದೆಲ್ಲ ಬೇರೆಯವರದ್ದು! ಗುರುತು ಸಿಕ್ಕಿದ್ದು ಇಷ್ಟು: ಪೈಕ್ಯೂಟಿ5 (ಪರದೆಯ ಕಿಟಕಿ, ಬಟನ್‌ಗೆ; ಕ್ಯೂಟಿ ಅನ್ನುವ ಲೈಬ್ರರಿಯನ್ನು ಪೈಥಾನ್‌ನಿಂದ ಬಳಸಲು), ಕ್ಯೂಟಿ ಚಾರ್ಟ್ಸ್ (ರೇಟಿನ ಗ್ರಾಫ್‌ಗೆ), ಘೋಸ್ಟ್‌ಸ್ಕ್ರಿಪ್ಟ್ (ತಿಂಗಳ ಬಿಲ್ ಎಲ್ಲ ಸೇರಿಸಿ ಒಂದು ಪಿಡಿಎಫ್ ಮಾಡಲು), ಓಪನ್‌ಪೈಎಕ್ಸೆಲ್ (ಎಕ್ಸೆಲ್ ಫೈಲ್‌ಗೆ), ಓಪನ್‌ಎಸ್‌ಎಸ್‌ಎಲ್ (ನೆಟ್ ಸಂಪರ್ಕ ಸುರಕ್ಷಿತ ಮಾಡಲು), ಕನ್ನಡದ ತುಂಗಾ ಫಾಂಟ್. ಮಿಕ್ಕ ಡಿಎಲ್‌ಎಲ್‌ಗಳು (ವಿಂಡೋಸ್‌ನಲ್ಲಿ ಲೈಬ್ರರಿಯ ಫೈಲ್‌ಗಳು) ಯಾರ ಮನೆಯವೋ ಗೊತ್ತಿಲ್ಲ.

ಸೆಟಪ್‌ನಲ್ಲಿ "ನಾನು ಒಪ್ಪುತ್ತೇನೆ" ಪುಟ ಒಂದಿದೆ. ಅದನ್ನು ಎಲ್ಲಿಂದಲೋ ಕಾಪಿ ಮಾಡಿದ್ದೆ. ಈ ಸಾಫ್ಟ್‌ವೇರನ್ನು ಬಿಚ್ಚಿ ನೋಡಬಾರದು, ರಿವರ್ಸ್ ಇಂಜಿನಿಯರಿಂಗ್ ಮಾಡಬಾರದು ಅಂತೆಲ್ಲ ಇದೆ. ಅದೂ ತಪ್ಪಾ?

ಬಸ್ ಸ್ಟ್ಯಾಂಡ್ ಕಾಫಿ · ಸಾಗರ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಕ್ಕಾ. ಓಪನ್ ಸೋರ್ಸ್ ಅಂದ್ರೆ ಫ್ರೀ. ನಮ್ಮ ಮಂಡಿ ಕಂಪ್ಯೂಟರ್ ಮೇಲೆ ಕೂತಿರುವ ಧೂಳು ಒರೆಸೋಕೇ ಯಾರೂ ಬರಲ್ಲ, ಇನ್ನು ಒಳಗಿನ ಡಿಎಲ್‌ಎಲ್ ನೋಡೋಕೆ ಯಾರು ಬರುತ್ತಾರೆ? ಒಂದು ಎಕ್ಸೆಲ್ ಶೀಟಿನಲ್ಲಿ ಎಲ್ಲದರ ಮುಂದೆ "ಫ್ರೀ" ಅಂತ ಬರೆದು ಕೊಡಿ.

ವಾಪಸ್ ಊರಿಗೆ · ತೀರ್ಥಹಳ್ಳಿ

ಹಾಗೆ ಬರೆದು ಕೊಡಬೇಡಿ ಮಾರಾಯ್ರೆ. ಕೆಳಗೆ ನಿಮ್ಮ ಸಹಿ ಇರುತ್ತದೆ.

ನಾನು ವಕೀಲ ಅಲ್ಲ. ಬೆಂಗಳೂರಿನಲ್ಲಿದ್ದಾಗ ರಿಲೀಸ್ ಬಿಲ್ಡ್ ಮಾಡುವ ಕೆಲಸ ಇತ್ತು, ಈ ಪಟ್ಟಿ ತಯಾರಿಸುವುದೂ ನನ್ನ ತಲೆಗೇ ಬಂದಿತ್ತು. ಅಲ್ಲಿ ಕಲಿತದ್ದು ಹೇಳುತ್ತೇನೆ.

ಬಳಸುವುದು ಬೇರೆ, ಹಂಚುವುದು ಬೇರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪೈಕ್ಯೂಟಿ ಹಾಕಿಕೊಂಡು ಹತ್ತು ವರ್ಷ ಕೆಲಸ ಮಾಡಿ, ಯಾರಿಗೂ ಏನೂ ಕೊಡಬೇಕಿಲ್ಲ. ಅದೇ ಫೈಲ್ ಪೆನ್ ಡ್ರೈವ್ ಹತ್ತಿ ಹೊಸನಗರದಲ್ಲಿ ಇಳಿಯಿತು ಅಂದ್ರೆ ನೀವು ಅದನ್ನು ಹಂಚಿದ ಹಾಗೆ. ಲೈಸೆನ್ಸ್ ಷರತ್ತುಗಳು ಹೆಚ್ಚಿನವು ಎಚ್ಚರ ಆಗುವುದೇ ಅಲ್ಲಿ. ಗಿರಾಕಿಯೇ ನೆಟ್‌ನಿಂದ ಆ ಲೈಬ್ರರಿ ಇಳಿಸಿಕೊಂಡಿದ್ದರೆ ಅದನ್ನು ಕೊಟ್ಟವರು ನೀವಲ್ಲ. ನೀವು ಸೆಟಪ್ ಒಳಗೆ ತುಂಬಿದಿರಿ, ಹಾಗಾಗಿ ಕೊಟ್ಟವರು ನೀವೇ.

ದೊಡ್ಡ ಸಮಸ್ಯೆ ಪೈಕ್ಯೂಟಿ. ಕ್ಯೂಟಿ ಎಲ್‌ಜಿಪಿಎಲ್‌ನಲ್ಲಿ (ಜಿಪಿಎಲ್‌ಗಿಂತ ಸಡಿಲ ಷರತ್ತಿನ ಓಪನ್ ಸೋರ್ಸ್ ಲೈಸೆನ್ಸ್) ಸಿಗುತ್ತದೆ ಅಂತ ಓದಿ, ಪೈಕ್ಯೂಟಿಯೂ ಹಾಗೇ ಅಂದುಕೊಳ್ಳುವವರು ತುಂಬಾ ಜನ. ಅಲ್ಲ. ಪೈಕ್ಯೂಟಿ ಮಾಡುವುದು ರಿವರ್‌ಬ್ಯಾಂಕ್ ಅನ್ನುವ ಬೇರೆ ಕಂಪನಿ. ಅವರ ಹತ್ತಿರ ಎರಡೇ ದಾರಿ: ಜಿಪಿಎಲ್ 3, ಇಲ್ಲವಾದರೆ ದುಡ್ಡು ಕೊಟ್ಟು ಕಮರ್ಷಿಯಲ್ ಲೈಸೆನ್ಸ್. ನೀವು ದುಡ್ಡು ಕೊಟ್ಟಿಲ್ಲ, ಹಾಗಾದ್ರೆ ಜಿಪಿಎಲ್. ಅಂದ್ರೆ ಅದನ್ನು ಸೇರಿಸಿಕೊಂಡ ನಿಮ್ಮ ಪ್ರೋಗ್ರಾಂ ಕೂಡ ಜಿಪಿಎಲ್ ಅಡಿಯಲ್ಲೇ ಹೋಗಬೇಕು, ತೆಗೆದುಕೊಂಡ ಮಂಡಿಯವರಿಗೆ ಸೋರ್ಸ್ ಕೋಡ್ (ನೀವು ಬರೆದ ಮೂಲ ಕೋಡ್) ಸಿಗಬೇಕು.

ಕ್ಯೂಟಿ ಚಾರ್ಟ್ಸ್ ಕೂಡ ಹಾಗೇ. ಕ್ಯೂಟಿಯ ಮುಖ್ಯ ಮಾಡ್ಯೂಲ್‌ಗಳು ಎಲ್‌ಜಿಪಿಎಲ್, ಆದರೆ ಚಾರ್ಟ್ಸ್ ಮಾತ್ರ ಜಿಪಿಎಲ್ 3 ಇಲ್ಲವೇ ಕಮರ್ಷಿಯಲ್. ಒಂದೇ ಡಬ್ಬಿಯಲ್ಲಿ ಬರುತ್ತದೆ, ಲೈಸೆನ್ಸ್ ಮಾತ್ರ ಬೇರೆ. ನಾವೂ ಒಮ್ಮೆ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೆವು.

ಪೈಇನ್‌ಸ್ಟಾಲರ್ ಬಗ್ಗೆ ಭಯ ಬೇಡ. ಅದು ಜಿಪಿಎಲ್ ಆದರೂ, ಅದರಲ್ಲಿ ಕಟ್ಟಿದ ಪ್ರೋಗ್ರಾಂಗೆ ಆ ಷರತ್ತು ಅಂಟದ ಹಾಗೆ ವಿನಾಯಿತಿ ಬರೆದಿದ್ದಾರೆ. ಓಪನ್‌ಪೈಎಕ್ಸೆಲ್‌ಗೆ ಎಂಐಟಿ ಲೈಸೆನ್ಸ್. ಅದಕ್ಕೂ "ಏನೂ ಬೇಡ" ಅಂತಲ್ಲ. ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಪ್ರತಿ ಕಾಪಿಯ ಜೊತೆ ಹೋಗಬೇಕು. ಅರ್ಧ ಪುಟದ ಲೈಸೆನ್ಸ್, ಅದರಲ್ಲಿ ಕೇಳುವುದು ಅದೊಂದೇ. ನಾವು ಬಿಡುವುದೂ ಅದನ್ನೇ.

ಕೊನೆಗಾರ · ಶಿರಾಳಕೊಪ್ಪ

ಘೋಸ್ಟ್‌ಸ್ಕ್ರಿಪ್ಟ್ ತೊಂದರೆ ಇಲ್ಲ ಅಲ್ವಾ ಸಾರ್? ಅದು ಬೇರೆ ಎಕ್ಸ್‌ಇ. ಕಮಾಂಡ್ ಕೊಟ್ಟು ಓಡಿಸುವುದಷ್ಟೇ. ಬೇರೆ ಪ್ರೋಗ್ರಾಂ ಆದರೆ ಲೈಸೆನ್ಸ್ ಅಂಟಲ್ಲ ಅಂತ ಎಲ್ಲೋ ಓದಿದ್ದೆ.

ವಾಪಸ್ ಊರಿಗೆ · ತೀರ್ಥಹಳ್ಳಿ

ನೀವು ಓದಿದ್ದು ಅರ್ಧ ಸರಿ. ಬೇರೆ ಎಕ್ಸ್‌ಇ ಆಗಿ, ಕಮಾಂಡ್ ಲೈನ್‌ನಲ್ಲಿ ಮಾತಾಡಿದರೆ ಸಾಮಾನ್ಯವಾಗಿ ಎರಡೂ ಬೇರೆ ಬೇರೆ ಪ್ರೋಗ್ರಾಂ ಅಂತಲೇ ಲೆಕ್ಕ. ಅಕ್ಕನ ಕೋಡ್‌ಗೆ ಅದು ಅಂಟುವುದಿಲ್ಲ. ಆದರೆ ಡಬ್ಬಿಯೊಳಗೆ ಘೋಸ್ಟ್‌ಸ್ಕ್ರಿಪ್ಟ್‌ನ ಒಂದು ಕಾಪಿ ಇದೆಯಲ್ಲ, ಅದನ್ನು ಹಂಚುತ್ತಿದ್ದೀರಲ್ಲ, ಆ ಕಾಪಿಗೆ ಅದರದ್ದೇ ಲೈಸೆನ್ಸ್ ಇದೆ. 2013ರಿಂದ ಅದು ಎಜಿಪಿಎಲ್, ಜಿಪಿಎಲ್‌ನ ಇನ್ನೂ ಬಿಗಿಯಾದ ರೂಪ. ಆ ಕಾಪಿಯ ಸೋರ್ಸ್ ಕೊಡುವ ಹೊಣೆ ಹಂಚಿದವರದ್ದೇ.

ಮಂಡಿಯಲ್ಲೇ ನೋಡಿ. ಹತ್ತು ಜನರ ಮೂಟೆ ಒಂದೇ ಲಾರಿಯಲ್ಲಿ ಬರುತ್ತದೆ. ಒಂದೇ ಲಾರಿಯಲ್ಲಿ ಬಂದವು ಅಂತ ಅಡಿಕೆ ಬೆರಕೆ ಮಾಡುವುದಿಲ್ಲ, ಹಾಗಂತ ಮೂಟೆ ಮೇಲಿನ ಹೆಸರಿನ ಗುರುತನ್ನೂ ಯಾರೂ ಕಿತ್ತು ಹಾಕುವುದಿಲ್ಲ.

ಅಷ್ಟಕ್ಕೂ ಅಕ್ಕಾ, ನಿಮಗೆ ಬೇಕಾಗಿರುವುದು ಪಿಡಿಎಫ್ ಜೋಡಿಸುವುದು ಮಾತ್ರ. ಪೈಪಿಡಿಎಫ್ ಸಾಕು, ಬಿಎಸ್‌ಡಿ ಲೈಸೆನ್ಸ್. ಅಷ್ಟು ದೊಡ್ಡ ಘೋಸ್ಟ್‌ಸ್ಕ್ರಿಪ್ಟನ್ನು ಇದಕ್ಕೋಸ್ಕರ ಹೊರುವುದು ಯಾಕೆ?

ಹಳೇ ಡಾಸ್ · ಶಿವಮೊಗ್ಗ, ವಿನೋಬನಗರ

"ಯಾರು ಬಂದು ನೋಡುತ್ತಾರೆ" ಅಂದ ತಮ್ಮನಿಗೆ ಒಂದು ಕಥೆ. 2003ರಲ್ಲಿ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಅನ್ನುವ ವೈಫೈ ರೂಟರ್ ಒಳಗೆ ಜಿಪಿಎಲ್ ಅಡಿಯ ಲಿನಕ್ಸ್ ಇದೆ ಅಂತ ಕೆಲವರು ಕಂಡುಹಿಡಿದರು. ನೀಲಿ ಕಪ್ಪು ಡಬ್ಬಿ, ಎರಡು ಆಂಟೆನಾ. ಸೋರ್ಸ್ ಎಲ್ಲಿ ಅಂತ ಕೇಳಿದರು. ಕಂಪನಿ ಕೊನೆಗೆ ಬಿಡುಗಡೆ ಮಾಡಲೇಬೇಕಾಯಿತು. ಆ ಸೋರ್ಸ್ ಹಿಡಿದುಕೊಂಡೇ ಮುಂದೆ ರೂಟರ್‌ಗಳಿಗೆ ಹಾಕುವ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಹುಟ್ಟಿದ್ದು. ಮರುವರ್ಷ ಜರ್ಮನಿಯ ಮ್ಯೂನಿಕ್ ಕೋರ್ಟು, ಜಿಪಿಎಲ್ ಷರತ್ತು ಪಾಲಿಸದೆ ರೂಟರ್ ಮಾರುವಂತಿಲ್ಲ ಅಂತ ಬೇರೊಂದು ಕಂಪನಿಗೆ ಹೇಳಿತು. ಡಬ್ಬಿ ಬಿಚ್ಚಿ ನೋಡುವವರು ಎಲ್ಲ ಊರಲ್ಲೂ ಇರುತ್ತಾರೆ ತಮ್ಮಾ. ಈ ಸಲ ಕೇಳಿದ್ದು ಸಂಘದ ಹುಡುಗ, ಅಷ್ಟೇ.

ಅಕ್ಕನಿಗೆ ಒಂದು ಪ್ರಶ್ನೆ. ತುಂಗಾ ಫಾಂಟ್ ನಿಮ್ಮ ಸೆಟಪ್ ಒಳಗೆ ಹೇಗೆ ಬಂತು?

ತೂಕದ ಚೀಟಿ · ಶಿವಮೊಗ್ಗ

ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಕಾಪಿ ಮಾಡಿದ್ದು ಸಾರ್. ಮೊದಲು ಹಾಕಿರಲಿಲ್ಲ. ಒಂದು ಮಂಡಿಯವರು ವಿಂಡೋಸ್ 10 ಹಾಕಿಸಿದ ಮೇಲೆ ಬಿಲ್ಲಿನ ಅಕ್ಷರವೇ ಬೇರೆ ಆಗಿ, "ಸರಕು" ಕಾಲಂ ಪಕ್ಕಕ್ಕೆ ಜಾರಿ ರೇಟಿನ ಮೇಲೆ ಕೂತಿತ್ತು. ಯಜಮಾನರು ಫೋಟೋ ತೆಗೆದು ಕಳಿಸಿ "ಇದೇನಮ್ಮ, ರೈತ ನನ್ನ ಮುಖ ನೋಡ್ತಾನೆ" ಅಂದರು. ಆ ರಾತ್ರಿಯೇ ಫಾಂಟ್ ತುಂಬಿಸಿ ಮರುದಿನ ಕೊಟ್ಟು ಬಂದೆ.

ಹಳೇ ಡಾಸ್ · ಶಿವಮೊಗ್ಗ, ವಿನೋಬನಗರ

ಅಂದುಕೊಂಡೆ. ತುಂಗಾ ಎಕ್ಸ್‌ಪಿ ಕಾಲದಿಂದ ವಿಂಡೋಸ್ ಜೊತೆ ಬರುತ್ತಿತ್ತು. ವಿಂಡೋಸ್ 10ರಲ್ಲಿ ಅದು ಕನ್ನಡದ ಹೆಚ್ಚುವರಿ ಫಾಂಟ್‌ಗಳ ಗುಂಪಿಗೆ ಹೋಯಿತು. ಬೇಕಾದವರು ಸೆಟ್ಟಿಂಗ್ಸ್‌ನಲ್ಲಿ ಹೋಗಿ ಹಾಕಿಕೊಳ್ಳಬೇಕು, ಮಾಮೂಲಾಗಿ ಕಾಣುವುದು ನಿರ್ಮಲಾ. ಹೆಸರು ನಮ್ಮೂರ ಹೊಳೆಯದ್ದೇ, ಆದರೆ ಫಾಂಟ್ ಮೈಕ್ರೋಸಾಫ್ಟಿನದ್ದು. ವಿಂಡೋಸ್ ಜೊತೆ ಬಂದ ಫಾಂಟ್ ಫೈಲನ್ನು ನಾವು ನಮ್ಮ ಸೆಟಪ್‌ಗೆ ತುಂಬಿ ಕೊಡುವ ಹಾಗಿಲ್ಲ. ಅದು ಓಪನ್ ಸೋರ್ಸ್ ಅಲ್ಲವೇ ಅಲ್ಲ.

ನೋಟೋ ಸಾನ್ಸ್ ಕನ್ನಡ ಹಾಕಿ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್. ಸಾಫ್ಟ್‌ವೇರ್ ಜೊತೆ ತುಂಬಿ ಮಾರಬಹುದು, ಫಾಂಟ್ ಒಂದನ್ನೇ ಬೇರೆ ಮಾಡಿ ಮಾರಬಾರದು. ಲೈಸೆನ್ಸ್ ಫೈಲ್ ಜೊತೆಗಿರಲಿ. ಅಕ್ಷರದ ಅಗಲ ಬೇರೆ ಇರುತ್ತದೆ, ಹಾಗಾಗಿ ಕಾಲಂ ಇನ್ನೊಂದು ಸಲ ಜಾರುತ್ತದೆ. ಅದಕ್ಕೆ ರೆಡಿಯಾಗಿರಿ.

ಬಸ್ ಸ್ಟ್ಯಾಂಡ್ ಕಾಫಿ · ಸಾಗರ

ಸರಿ, ನಾನು ಸೋತೆ. ಹಾಗಾದ್ರೆ ಅಕ್ಕ ಇಡೀ ಪ್ರೋಗ್ರಾಂ ಜಿಪಿಎಲ್ ಮಾಡಿಬಿಟ್ಟರೆ ಮುಗೀತಲ್ಲ? ಆದರೆ ಆಮೇಲೆ ಯಾರೂ ದುಡ್ಡು ಕೊಡಲ್ಲ.

ವಾಪಸ್ ಊರಿಗೆ · ತೀರ್ಥಹಳ್ಳಿ

ಜಿಪಿಎಲ್ ಅಂದ್ರೆ ಬಿಟ್ಟಿ ಅಲ್ಲ. ಎಷ್ಟು ಬೇಕಾದರೂ ರೇಟು ಹಾಕಿ ಮಾರಬಹುದು. ಸೋರ್ಸನ್ನು ಇಡೀ ಲೋಕಕ್ಕೆ ಹಾಕಬೇಕು ಅಂತಲೂ ಇಲ್ಲ, ಪ್ರೋಗ್ರಾಂ ತೆಗೆದುಕೊಂಡವರಿಗೆ ಕೊಟ್ಟರೆ ಆಯಿತು. ತಕರಾರು ಬರುವುದು ಅದರ ಮುಂದೆ. ತೆಗೆದುಕೊಂಡವರು ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ಬೇಡ ಅನ್ನುವ ಹಾಗಿಲ್ಲ.

ತೂಕದ ಚೀಟಿ · ಶಿವಮೊಗ್ಗ

ಅಲ್ಲೇ ಇರುವುದು ನನ್ನ ಹೊಟ್ಟೆಪಾಡು! ಒಂದು ಮಂಡಿಗೆ ಕೊಟ್ಟರೆ ಅವರ ಭಾವನ ಮಂಡಿಗೂ, ಭಾವನ ಷಡ್ಡಕನ ಮಂಡಿಗೂ ಹೋಗುತ್ತದೆ. ನಮ್ಮ ಕಡೆ ಮಂಡಿಯವರೆಲ್ಲ ಒಂದಲ್ಲ ಒಂದು ರೀತಿ ನೆಂಟರೇ. ವರ್ಷದ ಸರ್ವೀಸ್ ಚಾರ್ಜಿನ ಮೇಲೆ ಬದುಕಬಹುದೇನೋ, ಆ ಧೈರ್ಯ ಈಗ ಇಲ್ಲ. ಪೈಕ್ಯೂಟಿ ಬಿಡುವ ದಾರಿ ಹೇಳಿ. ಮತ್ತೆ ಈಗಾಗಲೇ ಕೊಟ್ಟಿರುವ 11 ಮಂಡಿಯದ್ದು ಏನು ಮಾಡಲಿ?

ವಾಪಸ್ ಊರಿಗೆ · ತೀರ್ಥಹಳ್ಳಿ

ಪೈಸೈಡ್‌ಗೆ ಬನ್ನಿ. ಪೈಕ್ಯೂಟಿಯ ಕೆಲಸವನ್ನೇ ಮಾಡುತ್ತದೆ, ಕ್ಯೂಟಿ ಕಂಪನಿಯದ್ದೇ, ಎಲ್‌ಜಿಪಿಎಲ್ ಇದೆ. ಕೋಡ್ ಬಹುಪಾಲು ಹಾಗೇ ನಡೆಯುತ್ತದೆ. ಪೈಕ್ಯೂಟಿಸಿಗ್ನಲ್ ಅಂತ ಇರುವಲ್ಲಿ ಬರೀ ಸಿಗ್ನಲ್, ಸ್ಲಾಟ್‌ಗೂ ಹಾಗೇ. ಕ್ಯೂಟಿ 6ಕ್ಕೆ ಹೋದರೆ ಕ್ಯೂಆಕ್ಷನ್ ಬೇರೆ ಮಾಡ್ಯೂಲ್‌ನಲ್ಲಿರುತ್ತದೆ, ಮೊದಲ ದಿನ ಅಲ್ಲೇ ಎರರ್ ಬರುವುದು.

ಎಲ್‌ಜಿಪಿಎಲ್‌ಗೂ ಷರತ್ತು ಇದೆ. ಆ ಲೈಬ್ರರಿಯನ್ನು ಗಿರಾಕಿ ಬೇಕಾದರೆ ತಿದ್ದಿ, ತಿದ್ದಿದ್ದನ್ನು ಹಳೆಯದರ ಜಾಗದಲ್ಲಿ ಇಟ್ಟು ನಿಮ್ಮ ಪ್ರೋಗ್ರಾಂ ಓಡಿಸುವ ಹಾಗಿರಬೇಕು. ಒಂದೇ ಎಕ್ಸ್‌ಇ ಮಾಡಿದರೆ ಡಿಎಲ್‌ಎಲ್ ಎಲ್ಲ ಅದರ ಹೊಟ್ಟೆಯೊಳಗೆ. ಪ್ರತಿ ಸಲ ಟೆಂಪ್ ಫೋಲ್ಡರ್‌ಗೆ ಬಿಚ್ಚಿಕೊಂಡು ಓಡುತ್ತದೆ, ಬದಲಾಯಿಸುವುದು ಕಷ್ಟ. ಹಾಗಾಗಿ ಒಂದು ಫೋಲ್ಡರ್ ಆಗಿಯೇ ಕಟ್ಟಿ, ಕ್ಯೂಟಿ ಡಿಎಲ್‌ಎಲ್‌ಗಳು ಬಿಡಿ ಬಿಡಿಯಾಗಿ ಕಾಣಲಿ. ಪ್ರೋಗ್ರಾಂ ಬೇಗ ಓಪನ್ ಆಗುವುದು ಬೋನಸ್.

ಇದಕ್ಕೇ ನಿಮ್ಮ "ಒಪ್ಪುತ್ತೇನೆ" ಪುಟದ ಆ ಸಾಲು ಅಡ್ಡ ಬರುತ್ತದೆ. ಲೈಬ್ರರಿ ತಿದ್ದಿದಾಗ ಏನು ಕೆಟ್ಟಿತು ಅಂತ ಹುಡುಕಲು ಬಿಚ್ಚಿ ನೋಡುವುದನ್ನು ಎಲ್‌ಜಿಪಿಎಲ್ ಪ್ರಕಾರ ತಡೆಯುವ ಹಾಗಿಲ್ಲ. ನೀವು ಪೂರ್ತಿ ಬೇಡ ಅಂತ ಬರೆದಿದ್ದೀರಿ. ಆ ಸಾಲು ತೆಗೆಯಿರಿ.

ಕ್ಯೂಟಿಯ ಸೋರ್ಸ್ ಕೂಡ ಕೊಡಬೇಕು. ನಿಮ್ಮದಲ್ಲ, ಅದರದ್ದು. ಕೇಳಿದವರಿಗೆ ಕೊಡುತ್ತೇವೆ ಅಂತ ಬರಹದಲ್ಲಿ ಕೊಡಬಹುದು, ಆದರೆ ಆ ಮಾತನ್ನು ಕನಿಷ್ಠ 3 ವರ್ಷ ಉಳಿಸಿಕೊಳ್ಳಬೇಕು, ಸರ್ವೀಸ್ ಅದಕ್ಕಿಂತ ಜಾಸ್ತಿ ದಿನ ನಡೆದರೆ ಅಲ್ಲಿಯವರೆಗೂ. ನಿಮಗೆ ಸುಲಭದ್ದು: ಹೇಗೂ ಪೆನ್ ಡ್ರೈವ್‌ನಲ್ಲಿ ಹೋಗುತ್ತಿದ್ದೀರಿ, ಅದೇ ಪೆನ್ ಡ್ರೈವ್‌ನಲ್ಲಿ ಆ ವರ್ಷನ್‌ನ ಸೋರ್ಸ್ ಹಾಕಿ ಮಂಡಿಯಲ್ಲೇ ಬಿಟ್ಟು ಬನ್ನಿ. ಮತ್ತೆ ಯಾರೂ ನಿಮ್ಮನ್ನು ಕೇಳುವ ಹಾಗೇ ಇಲ್ಲ.

ಹಳೇ 11ರ ಬಗ್ಗೆ. ಹಂಚುವುದನ್ನು ಇವತ್ತೇ ನಿಲ್ಲಿಸಿ. ಜಿಪಿಎಲ್ 2ರಲ್ಲಿ ಷರತ್ತು ಮುರಿದರೆ ಹಕ್ಕು ಅಲ್ಲಿಗೇ ಹೋಗುತ್ತಿತ್ತು. 2007ರಲ್ಲಿ ಬಂದ 3ರಲ್ಲಿ ತಿದ್ದಿಕೊಳ್ಳಲು ಜಾಗ ಇದೆ: ತಪ್ಪು ನಿಲ್ಲಿಸಿದರೆ ಹಕ್ಕು ತಾತ್ಕಾಲಿಕವಾಗಿ ವಾಪಸ್ ಬರುತ್ತದೆ, ನಿಲ್ಲಿಸಿದ 60 ದಿನದೊಳಗೆ ಹಕ್ಕುದಾರರು ತಕರಾರು ತೆಗೆಯದಿದ್ದರೆ ಖಾಯಂ. ಎಜಿಪಿಎಲ್ 3ರಲ್ಲೂ ಹೀಗೇ ಇದೆ. ಒಂದೊಂದೇ ಮಂಡಿಗೆ ಹೋಗಿ ಹೊಸ ಸೆಟಪ್ ಹಾಕಿ, ಹಳೆಯದನ್ನು ತೆಗೆದು ಬನ್ನಿ.

ಆಗುಂಬೆ ಮಳೆ · ಆಗುಂಬೆ

ಮಧ್ಯೆ ಬಾಯಿ ಹಾಕುತ್ತೇನೆ. ಆ ಮಂಡಿಗಳಲ್ಲಿ ವಿಂಡೋಸ್ 7 ಇದೆಯಾ ಅಕ್ಕಾ? ಕ್ಯೂಟಿ 6 ಅದರಲ್ಲಿ ಓಡಲ್ಲ.

ತೂಕದ ಚೀಟಿ · ಶಿವಮೊಗ್ಗ

ನಾಲ್ಕರಲ್ಲಿ ಇದೆ. ಒಂದರಲ್ಲಿ ಕೀಬೋರ್ಡಿನ ಎಂಟರ್ ಕೀ ಮೇಲೆ ಎಲೆ ಅಡಿಕೆ ಕಲೆ ಇದೆ, ಯಜಮಾನರು ಬದಲಾಯಿಸಲು ಒಪ್ಪಲ್ಲ.

ಆಗುಂಬೆ ಮಳೆ · ಆಗುಂಬೆ

ಹಾಗಾದ್ರೆ ಆ ನಾಲ್ಕಕ್ಕೆ ಪೈಸೈಡ್2 (ಹಳೇ ಕ್ಯೂಟಿ 5ರದ್ದು), ಪೈಥಾನ್ 3.8. ವಿಂಡೋಸ್ 7ರಲ್ಲಿ ಓಡುವ ಕೊನೇ ಪೈಥಾನ್ ಅದು. ಆದರೆ ಅದರ ಜೊತೆ ಬರುವುದು ಓಪನ್‌ಎಸ್‌ಎಸ್‌ಎಲ್ 1.1.1, ಎಲ್ಲರಿಗೂ ಸಿಗುತ್ತಿದ್ದ ಅದರ ರಿಪೇರಿ 2023ರಲ್ಲೇ ನಿಂತಿತು. ಲೈಸೆನ್ಸೂ ಹಳೇದು, ಜಾಹೀರಾತಿನಲ್ಲಿ ಅದರ ಹೆಸರು ಹೇಳಬೇಕು ಅನ್ನುವ ಸಾಲು ಇದೆ. 3.0ರಿಂದ ಅಪಾಚೆ 2.0 ಲೈಸೆನ್ಸ್ ಆಯಿತು.

ತುಂಬಿ ಕೊಟ್ಟ ಮೇಲೆ ಲೈಸೆನ್ಸ್ ಒಂದೇ ತಲೆನೋವಲ್ಲ, ಆ ಡಿಎಲ್‌ಎಲ್‌ನ ತೂತು ಮುಚ್ಚುವುದೂ ನಮ್ಮ ಕೆಲಸ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಅನ್ನುವ ಲೈಬ್ರರಿಯ ತೂತಿನ ಗಲಾಟೆ ಆದಾಗ ನಮ್ಮ ಆಫೀಸಿನಲ್ಲಿ ಮೂರು ರಾತ್ರಿ ಹೋಗಿದ್ದು ಸರಿ ಮಾಡುವುದಕ್ಕಲ್ಲ, ಯಾವ ಸೆಟಪ್ ಒಳಗೆ ಅದು ಕೂತಿದೆ ಅಂತ ಹುಡುಕುವುದಕ್ಕೆ. ಸಂಘದ ಹುಡುಗ ಪಟ್ಟಿ ಕೇಳಿದ್ದೂ ಅದಕ್ಕೇ ಇರಬಹುದು. 2024ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಇಂಥ ಪಟ್ಟಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು, ಎಸ್‌ಬಿಒಎಂ ಅನ್ನುತ್ತಾರೆ. ಅದು ಮುಖ್ಯವಾಗಿ ಸರ್ಕಾರಿ, ಸಾರ್ವಜನಿಕ ವಲಯದವರಿಗೆ ಹೇಳಿದ್ದು.

ಪಟ್ಟಿಗೆ ಪಿಪ್-ಲೈಸೆನ್ಸಸ್ ಅನ್ನುವ ಟೂಲ್ ಓಡಿಸಿ. ಪೈಥಾನ್ ಪ್ಯಾಕೇಜ್‌ಗಳದ್ದು ಬರುತ್ತದೆ. ಅವುಗಳ ಹೊಟ್ಟೆಯೊಳಗಿನ ಡಿಎಲ್‌ಎಲ್ ಅದಕ್ಕೆ ಕಾಣಲ್ಲ. ಅದನ್ನು ಕಣ್ಣಲ್ಲೇ ನೋಡಬೇಕು.

ತೂಕದ ಚೀಟಿ · ಶಿವಮೊಗ್ಗ · ಐದು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಆದದ್ದು ಹೇಳುತ್ತೇನೆ.

ಪೈಕ್ಯೂಟಿ ಹೋಯಿತು, ಪೈಸೈಡ್ ಬಂತು. ಏಳು ಮಂಡಿಗೆ ಪೈಸೈಡ್6, ನಾಲ್ಕಕ್ಕೆ ಪೈಸೈಡ್2. ಕೋಡ್ ಬದಲಾಯಿಸಲು ಮೂರು ದಿನ, ಪ್ರಿಂಟ್ ಸರಿ ಮಾಡಲು ಒಂಬತ್ತು ದಿನ. ಹಳೇ ಡಾಸ್ ಸಾರ್ ಹೇಳಿದ ಹಾಗೇ ಕಾಲಂ ಜಾರಿತು. ನೋಟೋದಲ್ಲಿ "ಗೊರಬಲು" ಜಾಸ್ತಿ ಜಾಗ ತಿನ್ನುತ್ತದೆ.

ಚಾರ್ಟ್ಸ್ ತೆಗೆದೆ. ನನಗೆ ಬೇಕಾಗಿದ್ದು ಒಂದು ಗೆರೆ, ಕೆಳಗೆ ತಾರೀಖು. ಕ್ಯೂಟಿಯಲ್ಲೇ ಇರುವ, ಗೆರೆ ಎಳೆಯುವ ಕ್ಯೂಪೇಂಟರ್‌ನಲ್ಲಿ ನಾನೇ ಬರೆದೆ, ಅರವತ್ತು ಸಾಲಾಯಿತು. ಇಷ್ಟಕ್ಕೆ ಇಡೀ ಲೈಬ್ರರಿ ಹೊತ್ತುಕೊಂಡಿದ್ದೆ! ಘೋಸ್ಟ್‌ಸ್ಕ್ರಿಪ್ಟ್ ಜಾಗದಲ್ಲಿ ಪೈಪಿಡಿಎಫ್.

ವಿಂಡೋಸ್ 7ರ ಸೆಟಪ್ ನೆಟ್ ಮುಟ್ಟುವುದೇ ಇಲ್ಲ, ಹಾಗಾಗಿ ಎಸ್‌ಎಸ್‌ಎಲ್ ಮಾಡ್ಯೂಲನ್ನೇ ಹೊರಗಿಟ್ಟು ಕಟ್ಟಿದೆ. ಮುಗೀತು ಅಂತ ಫೋಲ್ಡರ್ ತೆಗೆದರೆ ಓಪನ್‌ಎಸ್‌ಎಸ್‌ಎಲ್‌ನ ಎರಡು ಡಿಎಲ್‌ಎಲ್‌ನಲ್ಲಿ ಲಿಬ್‌ಎಸ್‌ಎಸ್‌ಎಲ್ ಹೋಗಿದೆ, ಲಿಬ್‌ಕ್ರಿಪ್ಟೋ ಮಾತ್ರ ಅಲ್ಲೇ ಕೂತಿದೆ. ಪೈಥಾನ್‌ನ ಹ್ಯಾಶ್‌ಲಿಬ್ ಮಾಡ್ಯೂಲ್ ಅದನ್ನು ಎಳೆದುಕೊಂಡು ಬಂದಿತ್ತು. ಕಣ್ಣಲ್ಲೇ ನೋಡಬೇಕು ಅಂದಿದ್ದು ಇದಕ್ಕೇ ಅಂತ ಆಗ ಗೊತ್ತಾಯಿತು.

ಕ್ಯೂಟಿ ಒಳಗೂ ಬೇರೆಯವರದ್ದು ಎಷ್ಟೊಂದು ಇದೆ! ಫ್ರೀಟೈಪ್, ಹಾರ್ಫ್‌ಬಝ್, ಝಡ್‌ಲಿಬ್, ಲಿಬ್‌ಪಿಎನ್‌ಜಿ. ನಮ್ಮ ಒತ್ತಕ್ಷರ ಸರಿಯಾಗಿ ಕೂರುವುದು ಹಾರ್ಫ್‌ಬಝ್‌ನಿಂದ ಅಂತ ಗೊತ್ತೇ ಇರಲಿಲ್ಲ. ಫ್ರೀಟೈಪ್‌ನವರು ತಮ್ಮ ಹೆಸರು ಕೈಪಿಡಿಯಲ್ಲಿ ಇರಲಿ ಅಂತ ಕೇಳುತ್ತಾರೆ, ಹಾಕಿದೆ. ಎಲ್ಲ ಲೈಸೆನ್ಸ್ ಪಠ್ಯ ಒಂದು ಫೋಲ್ಡರ್‌ನಲ್ಲಿ, "ಬಗ್ಗೆ" ಮೆನುವಿನಿಂದ ತೆಗೆಯಬಹುದು. "ಬಿಚ್ಚಿ ನೋಡಬಾರದು" ಸಾಲು ತೆಗೆದೆ.

ಸಂಘದ ಹುಡುಗ ಪಟ್ಟಿ ನೋಡಿ, ಎಲ್‌ಜಿಪಿಎಲ್ ಅಂತ ಇದ್ದ ಕಡೆ ಪೆನ್ನಿಟ್ಟು "ಇದರ ಸೋರ್ಸ್?" ಅಂದ. ಪೆನ್ ಡ್ರೈವ್ ಮೇಜಿನ ಮೇಲಿಟ್ಟೆ. ಅವನು ನಿಜವಾಗಲೂ ಹಾಕಿ ತೆರೆದು ನೋಡಿದ.

ಬಸ್ ಸ್ಟ್ಯಾಂಡ್ ಕಾಫಿ · ಸಾಗರ

ಅಕ್ಕಾ, 11 ಮಂಡಿಗೂ ಹೋಗಿ ಬಂದ್ರಾ?

ತೂಕದ ಚೀಟಿ · ಶಿವಮೊಗ್ಗ

ಹತ್ತು ಆಯಿತು. ಆ ಎಲೆ ಅಡಿಕೆ ಕಲೆಯ ಕೀಬೋರ್ಡ್ ಮಂಡಿ ಬಾಕಿ. ಎರಡು ಸಲ ಹೋದೆ, ಎರಡು ಸಲವೂ ಕರೆಂಟ್ ಇರಲಿಲ್ಲ. ಯಜಮಾನರು ಕಾಫಿ ಕೊಟ್ಟು ಕಳಿಸಿದರು. ಗುರುವಾರ ಮತ್ತೆ ಹೋಗುತ್ತೇನೆ.

ಬಸ್ ಸ್ಟ್ಯಾಂಡ್ ಕಾಫಿ · ಸಾಗರ

ಗುರುವಾರ ನಾನೂ ಆ ಕಡೆ ಬರುವವನಿದ್ದೇನೆ. ಯುಪಿಎಸ್ ತರುತ್ತೇನೆ.